ಯಾರೂ ಏರಿಸದ ಹೂವು

ದೇವರ ಮುಂದೆ ಅವಸರದಲ್ಲಿ ಮಾತಾಡಬಾರದು ಎಂದು ಹಿರಿಯರು ಹೇಳುವುದು ಸುಳ್ಳಲ್ಲ. ಕಸ್ತೂರಮ್ಮನ ಅವ್ವ ಒಮ್ಮೆ ಹಾಗೆ ಮಾತಾಡಿದ್ದಳು. ಆ ಮಾತು ಅವಳು ಕಣ್ಣು ಮುಚ್ಚಿದ ಮೇಲೂ ಮಗಳ ಸೆರಗಿನ ಗಂಟಾಗಿ ಉಳಿದಿತ್ತು.

ಆಗ ಕಸ್ತೂರಮ್ಮ ಕುಕ್ಕುವಾಡದ ಮನೆಯಲ್ಲಿ ಇನ್ನೂ ಹಾಲುಹಲ್ಲು ಬೀಳುವ ವಯಸ್ಸಿನ ಕೂಸು. ಜ್ವರ ಏರಿ ಮೈ ಕಾದ ಹಂಚಾಗಿತ್ತು. ಮದ್ದು ಕೊಟ್ಟ ಡಾಕ್ಟರೂ ಇನ್ನು ಮೇಲಿನವನ ಕೈಯಲ್ಲಿದೆ ಎಂದು ಎದ್ದು ಹೋಗಿದ್ದರು. ಅವ್ವ ಅಂಗಳಕ್ಕೆ ಬಂದು ಹರಿಹರದ ದಿಕ್ಕಿಗೆ ಮುಖ ಮಾಡಿ ಸೆರಗೊಡ್ಡಿದಳು. "ಹರಿಹರೇಶ್ವರಾ, ಈ ಕೂಸನ್ನ ಉಳಿಸಿಕೊಡಪ್ಪ. ನಿನಗೆ ಯಾರೂ ಏರಿಸದ ಹೂವು ಏರಿಸ್ತೀನಿ" ಎಂದುಬಿಟ್ಟಳು. ಕಾಯಿ, ಕರ್ಪೂರ, ಉರುಳುಸೇವೆ, ಬೆಳ್ಳಿಯ ಕಣ್ಣು ಇವೆಲ್ಲ ನಾಲಿಗೆಗೆ ಬರಬೇಕಾದ ಹೊತ್ತಿನಲ್ಲಿ ಈ ಮಾತು ಎಲ್ಲಿಂದ ಬಂತೋ ಅವಳಿಗೇ ತಿಳಿಯದು. ಬೆಳಕು ಹರಿಯುವ ಹೊತ್ತಿಗೆ ಕೂಸು ಬೆವತು, ಕಣ್ಣು ತೆರೆದು, ನೀರು ಕೇಳಿತು.

ಪೇಚಾಟ ಶುರುವಾದದ್ದು ಆಮೇಲೆ. ಯಾರೂ ಏರಿಸದ ಹೂವು ಅಂದರೆ ಯಾವುದು? ಮಲ್ಲಿಗೆ, ಸೇವಂತಿಗೆಯ ಮಾತು ಬಿಡಿ. ಊರು ಬೇಡವೆಂದ ಎಕ್ಕೆ, ದತ್ತೂರಿ, ತುಂಬೆಯನ್ನೆಲ್ಲ ಶಿವ ಎಂದೋ ಬಾಚಿಕೊಂಡಿದ್ದಾನೆ. ಉಳಿದದ್ದನ್ನು ವಿಷ್ಣುವಿನ ಭಕ್ತರು ತುಳಸಿಯ ಜೊತೆ ಒಯ್ದಿದ್ದಾರೆ. ಹರಿಹರೇಶ್ವರನೋ ಅರ್ಧ ಹರಿ, ಅರ್ಧ ಹರ. ಎರಡೂ ಕಡೆಯವರು ಕಾಲದಿಂದ ಕಾಲಕ್ಕೆ ಗಿಡಗಳನ್ನು ಬೋಳಿಸಿ ಅವನೊಬ್ಬನ ಮುಡಿಗೇ ಇಟ್ಟಿದ್ದಾರೆ. ಓಣಿಯ ಹೆಂಗಸರು ಅವ್ವನನ್ನು ನೋಡಿ, ಬಂಗಾರದ ಹೂವೇ ಮಾಡಿಸಬೇಕು ನೀನು ಎಂದು ನಕ್ಕರು. ಕೊನೆಗೆ ಕುರಿ ಕಾಯುವ ಮುದುಕನೊಬ್ಬ, ಅಂಥದೊಂದು ಹೂವು ಇರುವುದು ನಿಜ, ಅದನ್ನು ಯಾರೂ ಏರಿಸಿಲ್ಲ, ಏರಿಸುವುದಕ್ಕೂ ಆಗುವುದಿಲ್ಲ ಎಂದ.

ಅದು ಹೊಲದ ಬದುವಿನಲ್ಲಿ, ದನ ಮೇಯುವ ಬೀಳಿನ ಕಲ್ಲುಸಂದಿಯಲ್ಲಿ ಬರುವ ಗಿಡ. ನೆಲದೊಳಗೆ ಈರುಳ್ಳಿಯಂಥ ಗಡ್ಡೆ. ಅದಕ್ಕೇ ಕುರಿಯವರ ಬಾಯಲ್ಲಿ ಅದು ಅಡವಿ ಉಳ್ಳಾಗಡ್ಡಿ. ಮುಂಗಾರಿನ ಮೊದಲ ಒಳ್ಳೆ ಮಳೆ ಬಿದ್ದ ಕೆಲವೇ ದಿನಕ್ಕೆ, ಎಲೆಗಿಂತ ಮುಂಚೆ, ಬರಿ ನೆಲದಿಂದ ಒಂದು ದಂಟು ಏಳುತ್ತದೆ. ತುದಿಯಲ್ಲಿ ಬಿಳಿ ಹೂವು: ಉದ್ದುದ್ದ ತೆಳ್ಳನೆಯ ಎಸಳು, ನಡುವೆ ಒಂದು ಪುಟ್ಟ ಬಟ್ಟಲು, ಬಟ್ಟಲ ಅಂಚಿನಿಂದ ಹೊರಗೆ ಬಾಗಿದ ಕೇಸರಗಳು. ಅರಳುವುದು ದೀಪ ಹಚ್ಚುವ ಹೊತ್ತಿಗೆ. ಬೆಳಗಿನ ಪೂಜೆಯ ಹೊತ್ತಿಗೆ ನೋಡಿದರೆ ನೆಂದ ಹತ್ತಿಯಂತೆ ಜೋತುಬಿದ್ದಿರುತ್ತದೆ. ಹೊತ್ತು ಮುಳುಗಿದ ಮೇಲೆ ಗಿಡ ಮಲಗಿರುತ್ತದೆ, ಮುಟ್ಟಿ ಎಬ್ಬಿಸಬಾರದು. ಬಾಡಿದ ಹೂವು ದೇವರಿಗೆ ಸಲ್ಲದು. ಈ ಎರಡು ಕಟ್ಟಳೆಗಳ ಸಂದಿಯಲ್ಲಿ ಅರಳಿ ಅಲ್ಲೇ ಬಾಡುತ್ತಿದ್ದ ಆ ಹೂವು ಯಾವ ಗುಡಿಯ ಹೊಸ್ತಿಲನ್ನೂ ಕಂಡಿರಲಿಲ್ಲ.

ಅವ್ವ ಏನೇನೋ ಮಾಡಿ ನೋಡಿದಳು. ಹೊತ್ತಿದ್ದಾಗಲೇ ದಂಟು ಸಮೇತ ಕೊಯ್ದು ಚೊಂಬಿನ ನೀರಿನಲ್ಲಿಟ್ಟರೆ ದಂಟು ಮೆತ್ತಗಾಗಿ ಬಗ್ಗುತ್ತಿತ್ತು, ಮೊಗ್ಗು ಬಾಯಿ ಬಿಡುತ್ತಿರಲಿಲ್ಲ. ಗಾಡಿ ಕಟ್ಟಿಕೊಂಡು ಹರಿಹರ ಮುಟ್ಟಬೇಕಾದರೆ ಆಗ ಒಂದು ಹಗಲೇ ಬೇಕು. ಪ್ರತಿ ಮುಂಗಾರಿಗೂ ಬದುವಿನ ಮೇಲೆ ನಿಂತು ಆ ಹೂವನ್ನು ನೋಡುತ್ತಿದ್ದಳು. ಮನೆಗೆ ಬಂದು, "ಆ ಹರಕಿ ಹಂಗೇ ಉಳೀತವ್ವ" ಎನ್ನುತ್ತಿದ್ದಳು. ಹಾಗೆನ್ನುತ್ತಲೇ ಒಂದು ವರ್ಷ ಹೋಗಿಬಿಟ್ಟಳು. ಆ ಮೇಲೆ ಮಾತು ಮಗಳ ಪಾಲಿಗೆ ಬಂತು. ಉಳಿದ ಜೀವ ತನ್ನದಾದ ಮೇಲೆ ಹರಕೆಯೂ ತನ್ನದೇ ಎಂದು ಕಸ್ತೂರಮ್ಮ ತಿಳಿದಳು.

ಕಸ್ತೂರಮ್ಮ ದಾವಣಗೆರೆಯ ಅಜ್ಜಪ್ಪನನ್ನು ಮದುವೆಯಾಗಿ ಸೊಸೆಯಾಗಿ ಬಂದವಳು ಈಗ ತಾನೂ ಅತ್ತೆಯಾಗಿದ್ದಾಳೆ. ಅಜ್ಜಪ್ಪನದು ಎಪಿಎಂಸಿಯಲ್ಲಿ ದಲಾಲಿ ಅಂಗಡಿ, ಈರುಳ್ಳಿ ಮತ್ತು ಮೆಕ್ಕೆಜೋಳದ ವ್ಯಾಪಾರ. ಮಗ ಕೊಟ್ಟೂರೇಶ್ ಅಪ್ಪನ ಜೊತೆಗೇ ಗಾದಿಯ ಮೇಲೆ ಕೂರುತ್ತಾನೆ. ಮನೆ ಹಳೇಪೇಟೆಯಲ್ಲಿ. ಹಿಂದೆ ಅಗಲವಾದ ಹಿತ್ತಲಿದೆ. ಆ ಹಿತ್ತಲಿಗೆ ಮೊದಲ ಸಲ ಬಂದವರು ಮನೆಯವರಿಗೆ ಕಸ ತೆಗೆಸಲು ಆಳು ಸಿಕ್ಕಿಲ್ಲವೇನೋ ಅಂದುಕೊಳ್ಳುತ್ತಾರೆ. ಬೇರೆಯವರು ಕಿತ್ತು ಬಿಸಾಡುವುದನ್ನೆಲ್ಲ ಕಸ್ತೂರಮ್ಮ ನೀರೆರೆದು ಸಾಕಿದ್ದಾಳೆ: ತುಂಬೆ, ವಿಷ್ಣುಕ್ರಾಂತಿ, ಉತ್ತರಾಣಿ, ಅಣ್ಣೆ, ಬಿಳಿ ಎಕ್ಕೆ, ಬೇಲಿಗೆ ಹಬ್ಬಿದ ಗೌರಿ ಹೂವಿನ ಬಳ್ಳಿ. ಅಜ್ಜಪ್ಪ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಾನೆ: "ಲೋಕದಾಗೆ ಜನ ಕಳಿ ತೆಗಿಯಾಕೆ ಆಳು ಇಡ್ತಾರೆ. ನಾನು ಕಳಿಗೆ ನೀರು ಹಾಕೋ ಹೆಂಡ್ತಿ ಕಟ್ಕಂಡೀನಿ."

ಹಿತ್ತಲಿನ ಮೂಡಣ ಮೂಲೆಯಲ್ಲಿ ಅಡವಿ ಉಳ್ಳಾಗಡ್ಡಿಯ ಒಂದೇ ಒಂದು ಗಡ್ಡೆ ಇತ್ತು. ಕುಕ್ಕುವಾಡದ ತಮ್ಮ ಕರಿಬಸವರಾಜ ಗದ್ದೆ ಅಗಲ ಮಾಡಲು ಬದುವು ಕಡಿಸಿದ ದಿನ ಅವಳು ಮಣ್ಣಿನ ರಾಶಿಯಲ್ಲಿ ಕೈಯಾಡಿಸಿ ಹೆಕ್ಕಿ ತಂದದ್ದು. ಅದು ವರ್ಷಗಟ್ಟಲೆ ಎಲೆ ಕೊಟ್ಟಿತು, ಹೂವು ಕೊಡಲಿಲ್ಲ. ಚಳಿಗಾಲದಲ್ಲಿ ಎಲೆಯೂ ಒಣಗಿ, ಇತ್ತೋ ಸತ್ತಿತೋ ತಿಳಿಯದಂತೆ ನೆಲ ಬರಿದಾಗುತ್ತಿತ್ತು.

ಹೋದ ವರ್ಷ ಕೃತ್ತಿಕೆ ಮಳೆ ಒಂದು ಸಂಜೆ ಗುಡುಗಿ ಸುರಿಯಿತು. ವಾರ ತುಂಬುವ ಮೊದಲೇ ಆ ಮೂಲೆಯಲ್ಲಿ ದಂಟು ಎದ್ದಿತು, ತುದಿಯಲ್ಲಿ ಉಬ್ಬಿದ ಒಂದೇ ಮೊಗ್ಗು. ಕಸ್ತೂರಮ್ಮ ಯಾರಿಗೂ ಹೇಳಲಿಲ್ಲ. ಮೊಗ್ಗು ಇನ್ನೇನು ಬಿರಿಯುವಂತಿದ್ದ ಮಧ್ಯಾಹ್ನ, ಮಲ್ಲಿಗೆ ಬಿಡಿಸಿದ ಹಾಗೆ ಕುತ್ತಿಗೆಗೆ ಉಗುರು ಹಾಕಿ ಬಿಡಿಸಿ, ಬಾಳೆಲೆಯಲ್ಲಿ ಸುತ್ತಿ, ಹರಿಹರದ ಬಸ್ಸು ಹತ್ತಿದಳು. ದಾರಿಯ ಮೇಲೆ ಅರಳುತ್ತದೆ, ಹೊತ್ತಿದ್ದಾಗಲೇ ಕಿತ್ತದ್ದು, ಗುಡಿಯೊಳಗೆ ಅರಳಿದರೆ ಕಟ್ಟಳೆಯೂ ಉಳಿಯಿತು ಹರಕೆಯೂ ತೀರಿತು ಎಂಬುದು ಅವಳ ಲೆಕ್ಕ. ಆದರೆ ಗುಡಿಯಲ್ಲಿ ಬಾಳೆಲೆ ಬಿಚ್ಚಿದಾಗ ಮೊಗ್ಗು ಮುಷ್ಟಿ ಬಿಗಿದ ಹಾಗೇ ಇತ್ತು. ಅವಳು ಕೂತೇ ಇದ್ದಳು. ದೀಪ ಹಚ್ಚಿದರು, ಮಂಗಳಾರತಿಯಾಯಿತು. ವಯಸ್ಸಾದ ಅರ್ಚಕರು ಹೊರಗೆ ಬಂದು ಮೆಲ್ಲಗೆ ಹೇಳಿದರು: "ಮೊಗ್ಗು ಏರಿಸೋ ಹಾಗಿಲ್ಲ ತಾಯಿ. ಸಂಪಿಗೆಗೆ, ತಾವರೆಗೆ ಮಾತ್ರ ಆ ಸಲುಗೆ."

ಮನೆಗೆ ಬಂದವಳು ಹಿತ್ತಲ ಕಟ್ಟೆಯ ಮೇಲೆ ಕೂತು ಅಳುತ್ತಿದ್ದುದನ್ನು ಸೊಸೆ ನಯನಾ ನೋಡಿದಳು. ಮದುವೆಯಾಗಿ ಬಂದು ಆಗಿನ್ನೂ ಒಂದು ಬೇಸಿಗೆ ಕಳೆದಿತ್ತು. ಅತ್ತೆ ಅತ್ತದ್ದನ್ನು ಅವಳು ಅದುವರೆಗೆ ನೋಡಿರಲಿಲ್ಲ. ಏನು ಎತ್ತ ಎಂದು ಕೇಳಿದಳು. ತನ್ನ ಜ್ವರಕ್ಕೆ ಅವ್ವ ಹೊತ್ತ ಹರಕೆಯಿಂದ ಬಾಳೆಲೆಯ ಮೊಗ್ಗಿನವರೆಗೆ ಎಲ್ಲವನ್ನೂ ಕಸ್ತೂರಮ್ಮ ಮೊದಲ ಸಲ ಒಬ್ಬರ ಮುಂದೆ ಹೇಳಿದಳು.

ನಯನಾಳಿಗೂ ಗಿಡದ ಹುಚ್ಚು ಕಡಿಮೆಯದಲ್ಲ. ಆದರೆ ಅವಳದು ಮಾಳಿಗೆಯ ಮೇಲಿನ ಹುಚ್ಚು. ಅಂಚೆಯಲ್ಲಿ, ಕೊರಿಯರಿನಲ್ಲಿ ಎಲ್ಲೆಲ್ಲಿಂದಲೋ ಗಿಡ ತರಿಸುತ್ತಾಳೆ. ಬುಡ ಊದಿದ ಮರಳುಗಾಡಿನ ಗಿಡ, ಮಣ್ಣೇ ಬೇಡದೆ ಗಾಳಿಯಲ್ಲಿ ಬದುಕುವ ಗಿಡ, ನಾನಾ ಬಗೆಯ ಕಳ್ಳಿ. ಅಲ್ಲಿಯವರೆಗೆ ಅತ್ತೆ ಮಾಳಿಗೆ ಹತ್ತಿರಲಿಲ್ಲ, ಸೊಸೆ ಹಿತ್ತಲಿನಲ್ಲಿ ಕೂತಿರಲಿಲ್ಲ. ಆ ಸಂಜೆಯ ಮೇಲೆ ಇಬ್ಬರ ಕಾಲೂ ಎರಡೂ ಕಡೆ ಆಡಿತು.

ಮೃಗಶಿರ ಕಳೆದು ಆರಿದ್ರೆ ಹಿಡಿಯಿತು. ಆರಿದ್ರೆ ಆರದೆ ಹುಯ್ಯುತ್ತದೆ ಎಂಬ ಮಾತಿನಂತೆ ಜಿನುಗುತ್ತಲೇ ಇತ್ತು. ತುಂಬೆ ತಲೆಯೆತ್ತಿತು. ಅದರ ಹೂವು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಆದರೂ ಅದರೊಳಗೆ ತುಟಿ, ನಾಲಿಗೆ, ಗಂಟಲು ಎಲ್ಲ ಇವೆ. ಇರುವೆಗಳು ತಲೆ ಕೆಳಗೆ ಮಾಡಿ ಆ ಗಂಟಲಿಗೆ ಇಳಿಯುವುದನ್ನು ಅತ್ತೆ ಸೊಸೆ ಕುಕ್ಕರಗಾಲಲ್ಲಿ ಕೂತು ನೋಡಿದರು. ವಿಷ್ಣುಕ್ರಾಂತಿ ಬಿಸಿಲು ಏರುತ್ತಿದ್ದಂತೆ ಕಣ್ಣು ಬಿಡುತ್ತದೆ. ಮುಗಿಲು ತೊಳೆದಿಟ್ಟಾಗಿನ ನೀಲಿ ಅದು. ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಮಡಿಸಿಕೊಂಡುಬಿಡುತ್ತದೆ. ಇಷ್ಟು ಸಣ್ಣದಕ್ಕೆ ಇಷ್ಟು ಗತ್ತು ಎಲ್ಲಿಂದ ಬಂತು ಎಂದು ನಯನಾ ಕೇಳಿದರೆ, ಅದಕ್ಕೆ ಗೊತ್ತು, ತನ್ನನ್ನು ಮಾಡಿದವನು ಆನೆಯನ್ನು ಮಾಡುವಾಗ ಪಟ್ಟಷ್ಟೇ ಪಾಡು ಪಟ್ಟಿದ್ದಾನೆ ಎಂಬುದು ಕಸ್ತೂರಮ್ಮನ ಉತ್ತರ.

ಶ್ರಾವಣಕ್ಕೆ ಬೇಲಿಯ ಮೇಲೆ ಗೌರಿ ಹೂವು ಹೊತ್ತಿಕೊಂಡಿತು. ಹೊತ್ತಿಕೊಂಡಿತು ಎಂದೇ ಹೇಳಬೇಕು. ಎಲೆಯ ತುದಿಯೇ ಸುರುಳಿಯಾಗಿ ಸಿಕ್ಕಿದ್ದನ್ನು ಹಿಡಿದು ಮೇಲೆ ಹತ್ತುವ ಬಳ್ಳಿ ಅದು. ಮೊಗ್ಗು ಹಸಿರಾಗಿ ತಲೆ ತಗ್ಗಿಸಿ ನಿಲ್ಲುತ್ತದೆ. ಅರಳುವಾಗ ಎಸಳುಗಳು ಹಿಂದಕ್ಕೆ ಬಾಗಿ ಮೇಲೆದ್ದು ಅಂಕುಡೊಂಕಾದ ಉರಿಯಾಗುತ್ತವೆ. ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು, ದಿನ ಕಳೆದಂತೆ ಇಡೀ ಹೂವೇ ಕೆಂಡ. ಇದರ ಗಡ್ಡೆ ವಿಷ, ಕೈ ತೊಳೆಯದೆ ಬಾಯಿ ಮುಟ್ಟಬೇಡ ಎಂದು ಕಸ್ತೂರಮ್ಮ ಸೊಸೆಗೆ ಎಚ್ಚರ ಹೇಳಿದಳು. ವಿಷದ ಗಡ್ಡೆಯಿಂದ ಇಂಥ ಬೆಳಕು ತೆಗೆಯುವವನಿಗೆ ನಮ್ಮ ಮನಸ್ಸಿನಿಂದ ಏನಾದರೂ ಒಂದಿಷ್ಟು ಒಳ್ಳೆಯದು ತೆಗೆಯುವುದು ಕಷ್ಟವೇ ಎಂದು ತನ್ನೊಳಗೆ ಅಂದುಕೊಂಡಳು.

ಅದೇ ಹೊತ್ತಿಗೆ ಮಾಳಿಗೆಯ ಮೇಲೆ ನಯನಾಳ ನಕ್ಷತ್ರ ಕಳ್ಳಿ ಅರಳಿತು. ಅಂಗೈಗಿಂತ ಅಗಲದ ಐದು ಮೂಲೆಯ ಹೂವು, ಮೈತುಂಬ ಕಂದು ಗೆರೆ, ಅಂಚಿಗೆ ಮೃದುವಾದ ರೋಮ. ನಯನಾ ಹೆಮ್ಮೆಯಿಂದ ಅತ್ತೆಯನ್ನು ಕರೆದೊಯ್ದಳು. ಕಸ್ತೂರಮ್ಮ ಬಗ್ಗಿದವಳು ಸೆರಗನ್ನು ಮೂಗಿಗೆ ಒತ್ತಿಕೊಂಡು ಹಿಂದೆ ಸರಿದಳು. ಸತ್ತ ಇಲಿಯ ನಾತ.

"ಇದು ಯಾವ ದೇವರಿಗೆ ಸಲ್ಲತೈತವ್ವ?" ಎಂದು ಕೇಳಿದಳು.

"ನೊಣಗಳ ದೇವರಿಗೆ ಅತ್ತಿ. ನೋಡ್ರಿ, ಎಷ್ಟು ಭಕ್ತರು ಬಂದಾರೆ."

ನಿಜಕ್ಕೂ ಹೂವಿನ ತುಂಬ ನೊಣ. ಕಸ್ತೂರಮ್ಮ ನಕ್ಕಳು. ಆದರೆ ಇಳಿದು ಹೋಗಲಿಲ್ಲ. ಸೆರಗಿನ ಮರೆಯಲ್ಲೇ ಆ ಗೆರೆಗಳನ್ನು ನೋಡುತ್ತ ನಿಂತಳು. ಹುಲಿಯ ಮೈ ಬರೆದ ಕೈಯೇ ಇದನ್ನೂ ಬರೆದಿದೆ ಎನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ನೊಣವೂ ಅವನ ಕೂಸೇ, ಅದಕ್ಕೂ ಒಂದು ಹೂವು ಬೇಕಲ್ಲ ಎಂದುಕೊಂಡಳು.

ಭಾದ್ರಪದದ ಸಂಜೆಗಳಲ್ಲಿ ಇಬ್ಬರೂ ಬಾತಿ ಕೆರೆಯ ಕಡೆಗೆ ತಿರುಗಾಡಲು ಹೋಗುತ್ತಿದ್ದರು. ಮೆಕ್ಕೆಜೋಳದ ಹೊಲದ ಅಂಚಿನಲ್ಲಿ ಅಣ್ಣೆ ಹೂವು ನಿಂತಿರುತ್ತಿತ್ತು, ಬುಡದಲ್ಲಿ ಬೆಳ್ಳಿ, ತುದಿಯಲ್ಲಿ ಗುಲಾಬಿ ಬಣ್ಣದ ದೀಪದ ಕುಡಿಯಂತೆ. ರೈತರಿಗೆ ಅದು ಕಳೆ. ಸಂಜೆಯ ಓರೆಬಿಸಿಲು ಬಿದ್ದಾಗ ಮಾತ್ರ ಅದನ್ನು ಕಿತ್ತವನೂ ಒಂದು ಗಳಿಗೆ ನಿಂತು ನೋಡುತ್ತಾನೆ. ದಸರೆಯ ಹೊತ್ತಿಗೆ ತಂಗಡಿ ಹೂಬಿಟ್ಟು ರಸ್ತೆಯ ಬದಿಗೆಲ್ಲ ಬಂಗಾರ ಚೆಲ್ಲಿತು. ಬಲಿಪಾಡ್ಯದ ಬೆಳಿಗ್ಗೆ ಹೊಸ್ತಿಲ ಮೇಲೆ ಸಗಣಿಯಲ್ಲಿ ಮಾಡಿದ ದೀಪಾವಳಿಯ ದೇವತೆ ಹಟ್ಟೆವ್ವನನ್ನು ಕೂರಿಸಿದರು. ಪೇಟೆಯ ಮನೆಗಳವರು ಉತ್ತರಾಣಿ ಕಡ್ಡಿಗೂ ಅಣ್ಣೆ ಹೂವಿಗೂ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡುವಾಗ ಕಸ್ತೂರಮ್ಮನ ಮನೆಯ ಹಟ್ಟೆವ್ವನಿಗೆ ಎಲ್ಲವೂ ಹಿತ್ತಲಿನಿಂದಲೇ ಬಂದವು. ಆ ಒಂದು ದಿನ ಅಜ್ಜಪ್ಪ ಕಳೆಯ ಬಗ್ಗೆ ತುಟಿ ಬಿಚ್ಚುವುದಿಲ್ಲ.

ಈ ಚೆಲುವಿನ ನಡುವೆಯೂ ಕಸ್ತೂರಮ್ಮನ ಕಣ್ಣು ಮೂಡಣ ಮೂಲೆಗೆ ಹೋಗಿ ಬರುತ್ತಿತ್ತು. ಅಡವಿ ಉಳ್ಳಾಗಡ್ಡಿಯ ಎಲೆಗಳು ಕಾರ್ತೀಕದಲ್ಲಿ ಹಳದಿಯಾಗಿ ನೆಲಕ್ಕೊರಗಿದವು. ಇನ್ನೊಂದು ಮುಂಗಾರು ಬರುತ್ತದೆ, ಹೂವೂ ಬರಬಹುದು. ಬಂದರೆ ಏನು ಮಾಡುವುದು? ಕಿತ್ತರೆ ಅರಳದು, ಅರಳಿದರೆ ಕೀಳಬಾರದು. ಅವ್ವನಂತೆ ತಾನೂ ನೋಡಿ ನೋಡಿ ಹೋಗುವುದೇ ಗತಿ ಎಂದು ಅವಳಿಗೆ ಅನಿಸುತ್ತಿತ್ತು.

ಮಾಘ ಮಾಸದ ಒಂದು ಮಧ್ಯಾಹ್ನ ನಯನಾ ಮಾಳಿಗೆಯ ಕುಂಡಗಳ ಮಣ್ಣು ಬದಲಿಸುತ್ತಿದ್ದಳು. ಕಸ್ತೂರಮ್ಮ ಕಲ್ಲು ಆರಿಸಿ ಕೊಡುತ್ತಿದ್ದಳು. ನಯನಾ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು.

"ಅತ್ತಿ, ಹೂವು ಗುಡಿಗೆ ಬರಾಕೆ ಒಲ್ಲೆ ಅಂತೈತೆ. ಗಿಡಾನೇ ಕರ್ಕಂಡು ಹೋದ್ರೆ?"

ಕಸ್ತೂರಮ್ಮ ತಟ್ಟನೆ ಒಪ್ಪಲಿಲ್ಲ. ಬದುವಿನ ಗಡ್ಡೆ, ಕುಂಡದಲ್ಲಿ ಕಟ್ಟಿಹಾಕಿದರೆ ಮುನಿಯುತ್ತದೆ ಎಂದಳು. ಹಿಂದೆ ಕುಕ್ಕುವಾಡದಿಂದ ತಂದು ನೆಟ್ಟಾಗಲೇ ಅದು ಎಷ್ಟು ವರ್ಷ ಮುನಿದಿತ್ತು ಎಂದು ನೆನಪಿಸಿದಳು. ಇರುವುದು ಒಂದೇ ಗಡ್ಡೆ. ಕುಕ್ಕುವಾಡದ ಬದುವು ಈಗ ಗದ್ದೆಯಾಗಿದೆ, ಬೀಳಿಗೂ ನೇಗಿಲು ಬಿದ್ದಿದೆ. ಈ ಗಡ್ಡೆ ಕೊಳೆತರೆ ಹರಕೆಯೂ ಅದರ ಜೊತೆಗೇ ಕೊಳೆಯಿತು. ನಯನಾ ಒತ್ತಾಯ ಮಾಡಲಿಲ್ಲ. ಎಲೆ ಇಲ್ಲದಾಗ ಗಡ್ಡೆ ನಿದ್ದೆಯಲ್ಲಿರುತ್ತದೆ, ಸುತ್ತಲ ಮಣ್ಣನ್ನು ಹೆಂಟೆ ಸಮೇತ ಎತ್ತಿದರೆ ಅದಕ್ಕೆ ಮನೆ ಬದಲಾದದ್ದೇ ತಿಳಿಯುವುದಿಲ್ಲ ಎಂದಷ್ಟೇ ಹೇಳಿ ಮತ್ತೆ ಮಣ್ಣಿಗೆ ಕೈ ಹಾಕಿದಳು.

ಕಸ್ತೂರಮ್ಮ ಕೆಲವು ದಿನ ಲಿಂಗಪೂಜೆಗೆ ಕೂತಾಗಲೆಲ್ಲ ಇದನ್ನೇ ಕೇಳಿಕೊಂಡಳು. ಉತ್ತರವೇನೂ ಬರಲಿಲ್ಲ. ಆದರೆ ಅಂಗೈಯ ಮೇಲಿನ ಲಿಂಗವನ್ನು ನೋಡುತ್ತ ಒಂದು ಬೆಳಿಗ್ಗೆ ಅವಳಿಗೆ ಅನಿಸಿತು: ತಾನು ಗುಡಿಗೆ ಹೋಗಲಾರದ ದಿನವೂ ಇವನು ತನ್ನ ಕೊರಳಲ್ಲೇ ಇರುತ್ತಾನೆ. ಇವನಿಗೆ ತಿರುಗಾಟದ ಅಭ್ಯಾಸವಿದೆ. ಹೂವಿಗೂ ಒಂದಿಷ್ಟು ತಿರುಗಾಟ ಕಲಿಸಿದರೆ ತಪ್ಪೇನು? ಅವತ್ತೇ ಇಬ್ಬರೂ ಸೇರಿ ಮೂಡಣ ಮೂಲೆಯ ನೆಲವನ್ನು ಅಗಲಕ್ಕೆ ಅಗೆದು, ಕೂಸನ್ನು ತೊಟ್ಟಿಲಿನಿಂದ ಎತ್ತುವಂತೆ ಹೆಂಟೆಯನ್ನು ಎತ್ತಿ, ಅಗಲ ಬಾಯಿಯ ಮಣ್ಣಿನ ಕುಂಡದಲ್ಲಿ ಇಳಿಸಿದರು. ಅಜ್ಜಪ್ಪ ಅಂಗಡಿಯಿಂದ ಬಂದು ನೋಡಿದ.

"ಅಂಗಡ್ಯಾಗೆ ಲಾರಿಗಟ್ಟಲೆ ಉಳ್ಳಾಗಡ್ಡಿ ಬಿದ್ದೈತೆ. ಅದಕ್ಕೆ ಯಾರೂ ಕೈ ಮುಗಿಯಲ್ಲ. ಇದಕ್ಕೆ ಇಬ್ಬಿಬ್ಬರು ಸೇವಿಗೆ ನಿಂತೀರಿ."

"ನಿಮ್ಮ ಉಳ್ಳಾಗಡ್ಡಿ ಹೆಚ್ಚಿದ್ರೆ ಅಳಸತೈತೆ. ಇದು ಹೆಚ್ಚದನೇ ಅಳಿಸೈತ್ರೀ" ಎಂದಳು ಕಸ್ತೂರಮ್ಮ. ಅಜ್ಜಪ್ಪನಿಗೆ ಸೊಸೆ ಹೇಳಿದ್ದ ಹೋದ ವರ್ಷದ ಸಂಜೆ ನೆನಪಾಗಿರಬೇಕು. ಮತ್ತೆ ಆಡಿಕೊಳ್ಳಲಿಲ್ಲ. ಕುಂಡವನ್ನು ತಾನೇ ಎತ್ತಿ ನೆರಳಿನಲ್ಲಿಟ್ಟ.

ಬೇಸಿಗೆ ಕಾಯಿತು. ನಯನಾಳ ಕೈ ನೀರಿನ ಚೊಂಬಿಗೆ ಹೋಗುತ್ತಿತ್ತು, ಕಸ್ತೂರಮ್ಮ ತಡೆಯುತ್ತಿದ್ದಳು. ಬದುವಿನ ಮೇಲೆ ಇದಕ್ಕೆ ಯಾರು ನೀರು ಹಾಕುತ್ತಿದ್ದರು, ಇದು ಬಿಸಿಲು ಉಂಡೇ ಹೂವು ಕೂಡಿಸಿಕೊಳ್ಳುತ್ತದೆ ಎಂದಳು. ಕುಂಡದ ಮಣ್ಣು ಬಿರಿಯಿತು. ಅದರೊಳಗೆ ಜೀವವಿದೆಯೆಂದು ಹೇಳುವ ಒಂದು ಗುರುತೂ ಇರಲಿಲ್ಲ. ಯುಗಾದಿ ಹೋಯಿತು, ಬಸವ ಜಯಂತಿ ಹೋಯಿತು. ಕಸ್ತೂರಮ್ಮ ಒಮ್ಮೆ ಬೆರಳಿನಿಂದ ಮಣ್ಣು ಕೆದಕಿ ನೋಡಲು ಹೋಗಿ, ಮಲಗಿದವರ ಮೂಗಿನ ಹತ್ತಿರ ಕೈ ಹಿಡಿದು ನೋಡಿದಂತಾಗುತ್ತದೆ ಎಂದು ಕೈ ಹಿಂದೆ ತೆಗೆದಳು.

ಭರಣಿ ಮಳೆ ಬಂತು. ಮೊದಲು ಧೂಳು, ಆಮೇಲೆ ದಪ್ಪ ಹನಿ, ಆಮೇಲೆ ಕೊಡ ಬೋರಲು ಹಾಕಿದ ಹಾಗೆ. ಅತ್ತೆ ಸೊಸೆ ಇಬ್ಬರೂ ನೆನೆಯುತ್ತಲೇ ಕುಂಡವನ್ನು ಹಿತ್ತಲ ನಡುವೆ ತಂದಿಟ್ಟರು. ಮರುದಿನ ಏನೂ ಇಲ್ಲ. ಅದರ ಮರುದಿನವೂ ಇಲ್ಲ. ಬೇಲಿಯ ಬುಡದಲ್ಲಿ ಗೌರಿ ಬಳ್ಳಿಯ ಮೊಳಕೆ ಕೂಡ ಕಂಡಿತು, ಕುಂಡ ಮಾತ್ರ ಮೌನವಾಗಿತ್ತು. ಕಸ್ತೂರಮ್ಮನಿಗೆ ಊಟ ರುಚಿಸಲಿಲ್ಲ. ನಯನಾಳಿಗೆ ತಾನು ಹೇಳಿಕೊಟ್ಟ ಬುದ್ಧಿಯೇ ಹರಕೆ ಕೊಂದಿತೇನೋ ಎಂಬ ಭಯ. ಆಗ ಒಂದು ಬೆಳಿಗ್ಗೆ ಬಿರುಕಿನ ನಡುವೆ ಹಸಿರು ಉಗುರಿನಂಥದು ಕಾಣಿಸಿತು. ಸಂಜೆಗೆ ಅದು ಬೆರಳಾಯಿತು. ದಿನ ಕಳೆದಂತೆ ದಂಟು ಮೊಳದುದ್ದ ಎದ್ದು ನಿಂತು, ತುದಿಯ ಪೊರೆ ಹರಿದು, ಒಂದಕ್ಕೊಂದು ಆತು ನಿಂತ ಮೂರು ಮೊಗ್ಗು ತೋರಿಸಿತು.

ಮೊದಲನೆಯದು ಮನೆಯಲ್ಲೇ ಅರಳಿಬಿಟ್ಟಿತು. ಯಾವ ದಿನ ಎಂಬ ಅಂದಾಜು ಇಬ್ಬರಿಗೂ ಸಿಕ್ಕಿರಲಿಲ್ಲ. ದೀಪ ಹಚ್ಚಿ ಹಿತ್ತಲ ಬಾಗಿಲಿಗೆ ಬಂದ ಕಸ್ತೂರಮ್ಮನಿಗೆ ವಾಸನೆ ಮೊದಲು ತಿಳಿಯಿತು. ಓಡಿಬಂದು ನೋಡಿದರೆ ಅರ್ಧ ಬಿಚ್ಚಿದ ಹೂವು. ಎಸಳು ಒಂದೊಂದಾಗಿ ಬಿಡುವಾಗ ಕಣ್ಣಿಗೆ ಕಾಣುವ ಹಾಗೆ ನಡುಗುತ್ತಿತ್ತು. ಇಷ್ಟು ವರ್ಷಕ್ಕೆ ಅವಳು ಅದನ್ನು ಮತ್ತೆ ಅರಳಿದ್ದು ನೋಡಿದಳು. ಅವ್ವನ ಕೈ ಹಿಡಿದು ಬದುವಿನ ಮೇಲೆ ನಿಂತಾಗಿನ ಬಿಳುಪೇ ಅದು. ಎರಡನೆಯ ಮೊಗ್ಗು ಆಗಲೇ ಬೆಳ್ಳಗೆ ಉಬ್ಬಿತ್ತು. ನಾಳೆ ಸಂಜೆ ಎಂದು ಇಬ್ಬರೂ ಒಟ್ಟಿಗೇ ಅಂದರು.

ಮರುದಿನ ಮಧ್ಯಾಹ್ನ ಅಜ್ಜಪ್ಪ ಅಂಗಡಿಯನ್ನು ಮಗನಿಗೆ ಬಿಟ್ಟು ಕಾರು ತೆಗೆದ. ನಯನಾ ಹಿಂದಿನ ಸೀಟಿನಲ್ಲಿ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ದಂಟಿಗೆ ಕೈ ಅಡ್ಡ ಹಿಡಿದಳು. ಬಾತಿ ದಾಟುವಾಗ ರಸ್ತೆ ಕೆಲಸ ನಡೆದು ವಾಹನಗಳು ಸಾಲಾಗಿ ನಿಂತಿದ್ದವು. ಹೊತ್ತು ಕೆರೆಯ ಮೇಲೆ ಇಳಿಯುತ್ತಿತ್ತು. ಕಸ್ತೂರಮ್ಮ ಒಮ್ಮೆ ಸೂರ್ಯನನ್ನು, ಒಮ್ಮೆ ಮೊಗ್ಗನ್ನು ನೋಡುತ್ತ, ಯಾರಿಗೆ ಹೇಳುತ್ತಿದ್ದಾಳೆಂದು ತಿಳಿಯದಂತೆ, ಸ್ವಲ್ಪ ತಡಿಯಪ್ಪ, ಸ್ವಲ್ಪ ತಡಿ ಎನ್ನುತ್ತಿದ್ದಳು. ಅಜ್ಜಪ್ಪ ಹಾರ್ನು ಒತ್ತಲಿಲ್ಲ. ಒತ್ತಿದರೆ ಮೊಗ್ಗು ಬೆದರೀತು ಎಂದ. ನಗೆಚಾಟಿಕೆಯೋ ನಿಜವೋ ಅವನ ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ.

ಗುಡಿ ಮುಟ್ಟಿದಾಗ ಹೊಳೆಯ ಕಡೆಯ ಮುಗಿಲು ಕೆಂಪಾಗಿತ್ತು. ಅದೇ ಅರ್ಚಕರು. ಕುಂಡ ಹೊತ್ತು ಬಂದವರನ್ನು ನೋಡಿ ಮೊದಲು ಬೆರಗಾಗಿ, ಆಮೇಲೆ ಗುರುತು ಹಿಡಿದರು. ಮಣ್ಣಿನ ಕುಂಡ ಒಳಗೆ ತರುವಂತಿಲ್ಲ, ಮಂಟಪದಲ್ಲಿ ದೇವರಿಗೆ ಎದುರಾಗಿ ಇಡಿ ಎಂದರು. ಕನ್ನಡಿಯಂತೆ ನುಣುಪಾದ ಕಂಬಗಳ ನಡುವೆ ಅವರು ಕುಂಡ ಇಟ್ಟು ಕೂತರು. ಒಳಗೆ ಅವನು ನಿಂತಿದ್ದ, ಒಂದು ಮಗ್ಗುಲಿಗೆ ಬಿಲ್ವ, ಒಂದು ಮಗ್ಗುಲಿಗೆ ತುಳಸಿ. ಹಗಲು ಇನ್ನೂ ಪೂರ್ತಿ ಹೋಗಿರಲಿಲ್ಲ, ಇರುಳು ಇನ್ನೂ ಬಂದಿರಲಿಲ್ಲ. ಎರಡೂ ಆಗಿರುವ ದೇವರಿಗೆ ಎರಡೂ ಆಗಿರುವ ಹೊತ್ತು.

ಮೊಗ್ಗು ಅಲುಗಲಿಲ್ಲ. ದರ್ಶನಕ್ಕೆ ಬಂದ ಕೆಲವರು ಸುತ್ತ ನಿಂತರು. ಏನು ಗಿಡ, ಯಾತಕ್ಕೆ ತಂದಿರಿ ಎಂದು ಕೇಳಿದರು. ಅಜ್ಜಪ್ಪ ಅವರಿಗೆಲ್ಲ ಮೆಲುದನಿಯಲ್ಲಿ ಹರಕೆಯ ಕಥೆ ಹೇಳಿದ, ತಾನೇ ಕಂಡವನ ಹಾಗೆ. ಕಥೆ ಕೇಳಿದವರು ಹೋಗದೆ ಅಲ್ಲೇ ಕೂತರು. ಗಂಟೆಯ ಹಗ್ಗಕ್ಕೆ ಯಾರೋ ಕೈ ಹಾಕಿದರು. ಆ ನಾದ ಕಂಬದಿಂದ ಕಂಬಕ್ಕೆ ಹೋಗಿ ತಿರುಗಿ ಬರುವಾಗ ಒಂದು ಎಸಳು ಬಿಚ್ಚಿಕೊಂಡಿತು. ಆಮೇಲೆ ಇನ್ನೊಂದು. ಹೂವು ತನ್ನ ಪಾಡಿಗೆ ತಾನು, ಅವಸರವಿಲ್ಲದೆ, ಬಟ್ಟಲು ತೆರೆದು ನಿಂತಿತು.

ಅರ್ಚಕರು ಆರತಿ ತಟ್ಟೆ ಹಿಡಿದು ಹೊರಗೆ ಬಂದರು. ಕಿತ್ತು ಕೊಡುತ್ತೀರಾ ಎಂದು ಕೇಳಿದರು.

ಕಸ್ತೂರಮ್ಮ ಹೊರಗಿನ ಕತ್ತಲನ್ನು ನೋಡಿದಳು. ಇಷ್ಟು ದೂರ ಬಂದರೂ ಕೈ ಮುಂದಾಗಲಿಲ್ಲ. ಹೊತ್ತು ಮುಳುಗೈತ್ರಿ ಸ್ವಾಮಿ ಎಂದಳು.

ಅರ್ಚಕರು ಗರ್ಭಗುಡಿಯ ಕಡೆ ತಿರುಗಿ, ಮತ್ತೆ ಕುಂಡದ ಕಡೆ ತಿರುಗಿ, ಉಸಿರು ಎಳೆದುಕೊಂಡರು.

"ನಾನು ಒಳಗಿದ್ದಾಗಲೇ ವಾಸನೆ ಬಂತು ತಾಯಿ. ಯಾರ ಅಪ್ಪಣೆಯನ್ನೂ ಕೇಳದೆ ಹೊಸ್ತಿಲು ದಾಟಿ ಬಂತು. ಏರಿದ ಮೇಲೆ ನಾನು ಏನು ಏರಿಸಲಿ? ಅರ್ಚನೆ ಮಾಡ್ತೀನಿ. ಯಾರ ಹೆಸರಲ್ಲಿ?"

ಕಸ್ತೂರಮ್ಮನ ಬಾಯಿಗೆ ತನ್ನ ಹೆಸರು ಬರಲಿಲ್ಲ. ಗಂಡನ, ಮಗನ ಹೆಸರೂ ಬರಲಿಲ್ಲ. "ಮರಿಯವ್ವ ಅಂತ" ಎಂದಳು. "ನಮ್ಮವ್ವ. ಕುಕ್ಕುವಾಡದಾಕಿ."

ಹೋದವರ ಹೆಸರಿನಲ್ಲಿ ಅರ್ಚನೆ ಮಾಡುವ ವಾಡಿಕೆ ಇದೆಯೋ ಇಲ್ಲವೋ, ಅರ್ಚಕರು ಕೇಳಲಿಲ್ಲ. ಒಳಗೆ ಹೋಗಿ ಮಂತ್ರದ ನಡುವೆ ಆ ಹೆಸರನ್ನು ಸ್ಪಷ್ಟವಾಗಿ ಹೇಳಿದರು. ಎಷ್ಟೋ ರಾಜರ ಹೆಸರು ಕೇಳಿದ ಕಲ್ಲುಗಳು ಅವತ್ತು ಮರಿಯವ್ವ ಎಂಬ ಹೆಸರು ಕೇಳಿದವು. ಆರತಿ ಮೊದಲು ದೇವರಿಗೆ ಬೆಳಗಿತು. ಹೊರಗೆ ಬಂದು, ಭಕ್ತರಿಗೆ ಕೊಡುವ ಮುಂಚೆ, ಒಂದು ಸುತ್ತು ಹೂವಿಗೂ ಬೆಳಗಿತು. ನಯನಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಜ್ಜಪ್ಪ ಕಂಬದ ಕಡೆ ಮುಖ ಮಾಡಿ ನಿಂತಿದ್ದ.

ಮಾರನೆಯ ಸಂಜೆ ಕುಂಡ ಹಿತ್ತಲಲ್ಲಿತ್ತು. ಕೊನೆಯ ಮೊಗ್ಗು ಉಬ್ಬಿ ನಿಂತಿತ್ತು. ಕಸ್ತೂರಮ್ಮ ದೀಪ ಹಚ್ಚಿ ಬಂದು ಕಟ್ಟೆಯ ಮೇಲೆ ಕೂತಳು. ನಯನಾ ಪಕ್ಕಕ್ಕೆ ಬಂದಳು.

"ಇವತ್ತಿನದು ಯಾರಿಗೆ ಅತ್ತಿ?"

ಕಸ್ತೂರಮ್ಮ ಯೋಚಿಸಿದಳು. ಈ ಹೂವನ್ನು ಅವಳು ಎಂದೂ ಬರಿ ಹೂವಾಗಿ ನೋಡಿರಲಿಲ್ಲ. ಬದುವಿನ ಮೇಲೂ, ಹಿತ್ತಲ ಮೂಲೆಯಲ್ಲೂ ಅದರ ಹಿಂದೆ ಒಂದು ಮಾತು ನಿಂತೇ ಇರುತ್ತಿತ್ತು. ಈಗ ನೋಡಿದರೆ ಮಾತು ಇಲ್ಲ. ಕುಂಡ, ದಂಟು, ತುದಿಯಲ್ಲಿ ಬಿಳುಪು, ಅಷ್ಟೇ.

"ಯಾರಿಗೂ ಅಲ್ಲವ್ವ" ಎಂದಳು. "ಸುಮ್ನೆ ಕೂಡು, ನೋಡಾಣ."

ಅಜ್ಜಪ್ಪ ಅಂಗಡಿಯಿಂದ ಬಂದವನು ಕೈಕಾಲು ತೊಳೆದು, ಒಂದು ಕುರ್ಚಿ ಎಳೆದುಕೊಂಡು, ಅವರ ಪಕ್ಕದಲ್ಲಿ ಕೂತ. ಮೊದಲ ಎಸಳು ಬಿಡುವ ಹೊತ್ತಾಗಿತ್ತು.